ಆಶ್ರಯವಿಲ್ಲದ ಮೇಳಗಳು: ಕೃಷ್ಣಾ–ಘಟಪ್ರಭಾ ನಡುನಾಡಿನ ಆಟದ ತಂಡಗಳ ಗಳಿಕೆ ಹಾಗೂ ಅವು ತೆತ್ತ ಬೆಲೆ

1. ವಿಷಯ ಪ್ರವೇಶ

ಒಂದು ಪ್ರದೇಶದ ಇತಿಹಾಸವನ್ನು ಬರೆಯುವಾಗ ಅರಸರ ಆಳಿಕೆ, ಕದನ, ದತ್ತಿ, ಕಂದಾಯ ಇವುಗಳಿಗೆ ದೊರೆಯುವಷ್ಟು ಪುಟಗಳು, ರಾತ್ರಿಯಿಡೀ ಹಾಡಿ ಕುಣಿದು ಬೆಳಗಿನ ಜಾವಕ್ಕೆ ಮುಂದಿನೂರಿನ ಹಾದಿ ಹಿಡಿಯುತ್ತಿದ್ದ ಮೇಳಗಳಿಗೆ ದೊರೆಯುವುದಿಲ್ಲ. ಸಾಹಿತ್ಯದ ಇತಿಹಾಸಕಾರರು ಆಟದ ಪದಗಳನ್ನು ಸಂಗ್ರಹಿಸಿದ್ದಾರೆ. ರಂಗಭೂಮಿಯ ಇತಿಹಾಸಕಾರರು ನಾಟಕಗಳ ಹೆಸರುಗಳನ್ನೂ ನಟರ ಹೆಸರುಗಳನ್ನೂ ಪಟ್ಟಿಮಾಡಿದ್ದಾರೆ. ಆದರೆ ಆ ಆಟವನ್ನು ಆಡಿದವರು ಹೇಗೆ ಉಂಡರು, ಹೇಗೆ ನಡೆದರು, ಏನನ್ನು ಗಳಿಸಿದರು, ಗಳಿಸಿದ್ದಕ್ಕೆ ಏನನ್ನು ತೆತ್ತರು ಎಂಬ ಪ್ರಶ್ನೆಯನ್ನು ಅರ್ಥಿಕ ಹಾಗೂ ಸಾಮಾಜಿಕ ಇತಿಹಾಸದ ಪ್ರಶ್ನೆಯೆಂದು ಎತ್ತಿಕೊಂಡವರು ವಿರಳ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಯನ್ನು ಒಂದು ಚಿಕ್ಕ ಭೂಭಾಗಕ್ಕೆ ಸೀಮಿತಗೊಳಿಸಿ ವಿಚಾರಿಸಲು ಯತ್ನಿಸಲಾಗಿದೆ.

ಆ ಭೂಭಾಗವೆಂದರೆ ಬೆಳಗಾವಿ ಜಿಲ್ಲೆಯ ಉತ್ತರ ಭಾಗ. ರಾಯಬಾಗ ತಾಲೂಕಿನ ಮುಗಳಖೋಡವನ್ನು ನಡುವಾಗಿಟ್ಟುಕೊಂಡು ನೋಡಿದರೆ, ಉತ್ತರಕ್ಕೆ ಕೃಷ್ಣಾ ನದಿ, ಅದರಾಚೆ ಅಥಣಿ ಮತ್ತು ಕಾಗವಾಡ. ದಕ್ಷಿಣಕ್ಕೆ ಘಟಪ್ರಭಾ, ಅದರ ಆಸುಪಾಸಿನಲ್ಲಿ ಗೋಕಾಕ ಸೀಮೆ. ಪಶ್ಚಿಮಕ್ಕೆ ಚಿಕ್ಕೋಡಿ, ನಿಪ್ಪಾಣಿ. ವಾಯವ್ಯಕ್ಕೆ ಮಿರಜ ಹಾಗೂ ಸಾಂಗಲಿ. ಈ ಹರವಿನಲ್ಲಿ ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ, ಗೀಗೀ ಪದ, ಕರಡಿ ಮಜಲು ಮೊದಲಾದ ಎಲ್ಲ ಪ್ರಕಾರಗಳೂ ಬೆಳೆದವು. ಕನ್ನಡ ಮತ್ತು ಮರಾಠಿ ನಾಟಕ ಕಂಪನಿಗಳೆರಡೂ ಇಲ್ಲಿ ಮೊಕ್ಕಾಂ ಹೂಡಿದವು. ಆದ್ದರಿಂದ ಸ್ವತಂತ್ರ ಮೇಳವೊಂದರ ಲಾಭ-ನಷ್ಟಗಳನ್ನು ತೂಗಿ ನೋಡಲು ಇದಕ್ಕಿಂತ ತಕ್ಕ ನೆಲ ನಾಡಿನಲ್ಲಿ ಬಹಳವಿಲ್ಲ.

ಇಲ್ಲಿ 'ಸ್ವತಂತ್ರ' ಎಂಬ ಮಾತಿನ ಅರ್ಥವನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಅರಮನೆಯ ಸಂಬಳವಾಗಲಿ, ದೇವಸ್ಥಾನದ ಇನಾಮು ಭೂಮಿಯಾಗಲಿ, ಸರಕಾರದ ಅನುದಾನವಾಗಲಿ ಇಲ್ಲದೆ, ನೋಡುಗರು ಕೊಟ್ಟ ಹಣದಿಂದಲೇ ನಡೆಯುವ ತಂಡವನ್ನು ಸ್ವತಂತ್ರವೆಂದು ಕರೆದಿದೆ.

2. ಆಶ್ರಯ ತಪ್ಪಿದ ಮೇಲೆ: ಸಾಂಗಲಿಯ ನಿದರ್ಶನ

ಆಶ್ರಯದಲ್ಲಿದ್ದ ತಂಡವೊಂದು ಸ್ವತಂತ್ರವಾಗಬೇಕಾಗಿ ಬಂದ ಪ್ರಸಂಗ ನಮ್ಮ ಸೀಮೆಯ ಅಂಚಿನಲ್ಲಿಯೇ ನಡೆದಿದೆ. ಕರ್ನಾಟಕದ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಆಟವಾಡಿತೆಂದೂ, ಅದನ್ನು ನೋಡಿ ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಅಂಥದೇ ಆಟವನ್ನು ಮರಾಠಿಯಲ್ಲಿ ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದರೆಂದೂ ಪ್ರಸಿದ್ಧವಾಗಿದೆ. 1843ರಲ್ಲಿ ಭಾವೆಯವರ 'ಸೀತಾ ಸ್ವಯಂವರ' ಸಾಂಗಲಿಯಲ್ಲಿ ಪ್ರಯೋಗವಾಯಿತು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದ ಎಣಿಸುವುದು ರೂಢಿ. ಎಂಟು ವರ್ಷಗಳ ಕಾಲ ವೇಷಭೂಷಣ, ನಟರ ಉಪಜೀವನ ಎಲ್ಲಕ್ಕೂ ಸಂಸ್ಥಾನದ ಆಸರೆ ಇದ್ದಿತು. 1851ರಲ್ಲಿ ಚಿಂತಾಮಣರಾವ ಪಟವರ್ಧನರು ತೀರಿಕೊಂಡರು, ಆಸರೆ ಕಳಚಿತು. ಭಾವೆಯವರು ತಮ್ಮ ಮಂಡಳಿಯೊಡನೆ ಊರೂರು ತಿರುಗಲು ತೊಡಗಿದರು. 1853ರಲ್ಲಿ ಮುಂಬಯಿಯನ್ನು ತಲುಪಿ ಅಲ್ಲಿ ಹಣ ತೆತ್ತು ಬಂದ ಪ್ರೇಕ್ಷಕರ ಮುಂದೆ ಆಡಿದರು.

ಈ ಪ್ರಸಂಗದಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಸ್ವಾತಂತ್ರ್ಯವನ್ನು ಈ ಮಂಡಳಿ ಬಯಸಿ ಪಡೆಯಲಿಲ್ಲ. ಅನ್ನದ ತಟ್ಟೆ ಸರಿದಾಗ ಅದು ತಾನಾಗಿ ಮೇಲೆ ಬಿದ್ದಿತು. ಎರಡು, ಹಾಗೆ ಬಿದ್ದ ಸ್ವಾತಂತ್ರ್ಯದಿಂದಲೇ ಆ ಕಲೆ ಒಂದು ಅರಮನೆಯ ಅಂಗಳವನ್ನು ದಾಟಿ ಇಡೀ ಮುಂಬಯಿ ಪ್ರಾಂತದ ಸೊತ್ತಾಯಿತು. ಭಾವೆಯವರ ಸಾಂಗಲಿ ಉಳಿದಿದ್ದರೆ ಮರಾಠಿ ನಾಟಕವು ಬಹುಶಃ ಒಂದು ಸಂಸ್ಥಾನದ ವಿನೋದವಾಗಿ ಮುಗಿಯುತ್ತಿತ್ತು. ಲಾಭವೂ ನಷ್ಟವೂ ಒಂದೇ ಕಾರಣದಿಂದ ಹುಟ್ಟಿದವು ಎಂಬುದನ್ನು ವಾಚಕರು ಗಮನಿಸಬೇಕು.

3. ನಾಲ್ಕು ಬಗೆಯ ತಂಡಗಳು

ನಮ್ಮ ಭಾಗದ ತಂಡಗಳನ್ನು ಅವು ಹಣ ಪಡೆಯುತ್ತಿದ್ದ ರೀತಿಯಿಂದ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ದೊಡ್ಡಾಟ. ಇದು ಊರವರೇ ಊರಿಗಾಗಿ ಆಡುವ ಆಟ. ಸುಗ್ಗಿ ಮುಗಿದ ಬಳಿಕ ಮಾಸ್ತರನೊಬ್ಬನನ್ನು ಕರೆಯಿಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಕಿರೀಟ ಭುಜಕೀರ್ತಿಗಳನ್ನು ತರಿಸಿ ಒಂದು ರಾತ್ರಿ ಆಡಿ ಮುಗಿಸುತ್ತಾರೆ. ಇಲ್ಲಿ ಪಾತ್ರಧಾರಿಗೆ ಗಳಿಕೆಯ ಮಾತಿಲ್ಲ. ತನ್ನ ವೇಷದ ಖರ್ಚನ್ನು ಎಷ್ಟೋ ಸಲ ತಾನೇ ಹೊರಬೇಕು. ಗಳಿಸುವುದು ಹೆಸರನ್ನು ಮಾತ್ರ. ಭೀಮನ ಪಾತ್ರ ಮಾಡಿದವನಿಗೆ ಊರಲ್ಲಿ ಸಾಯುವ ತನಕ ಭೀಮನೆಂಬ ಹೆಸರು ಅಂಟಿಕೊಳ್ಳುವುದು ಸಾಮಾನ್ಯ.

ಎರಡನೆಯದು ಸಣ್ಣಾಟ ಮತ್ತು ಪಾರಿಜಾತದ ಮೇಳ. ಅಪರಾಳ ತಮ್ಮಣ್ಣನ ಕೃತಿಯನ್ನು ಆಧರಿಸಿ ಹಿಂದಿನ ಗೋಕಾಕ ತಾಲೂಕಿನ ಕುಲಗೋಡದ ತಮ್ಮಣ್ಣನು ರಂಗಕ್ಕೆ ಒಗ್ಗಿಸಿದ ಶ್ರೀಕೃಷ್ಣ ಪಾರಿಜಾತವು ಈ ಬಗೆಯಲ್ಲಿ ಅಗ್ರಗಣ್ಯ. ನಾರದನು ತಂದ ಒಂದು ಹೂವು, ಅದು ರುಕ್ಮಿಣಿಗೆ ಸಂದುದರಿಂದ ಸತ್ಯಭಾಮೆಗೆ ಬಂದ ಮುನಿಸು, ಇಷ್ಟೇ ಕಥೆ. ಹಾರ್ಮೋನಿಯಂ, ತಬಲಾ, ತಾಳ; ಬೆರಳೆಣಿಕೆಯ ಪಾತ್ರಗಳು; ಭಾಗವತನೇ ದೂತಿಯೂ ಆಗಿ ಮಾತಿಗಿಳಿಯುವ ಅನುಕೂಲ; ಪರದೆಗಳ ಗೊಡವೆ ಇಲ್ಲದ ಸರಳ ರಂಗ. ಒಂದೆರಡು ಎತ್ತಿನ ಬಂಡಿಗಳಲ್ಲಿ ಇಡೀ ಮೇಳ ಸಾಗಬಲ್ಲದಾಗಿತ್ತು. ಬೈಲಹೊಂಗಲದ ಕಡೆಯ ಕೊಲೆಯ ಕಥೆಯನ್ನು ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟವೂ ಇದೇ ಗುಂಪಿಗೆ ಸೇರಿದುದು. ಇಂಥ ಮೇಳಕ್ಕೆ ಊರ ಹಿರಿಯರು ವೀಳ್ಯ ಕೊಟ್ಟು ದಿನ ಗೊತ್ತುಪಡಿಸುತ್ತಾರೆ. ಗೊತ್ತುಪಡಿಸಿದ ಹಣವಲ್ಲದೆ ಆಟದ ನಡುವೆ ಮೆಚ್ಚಿದವರು ಕೊಡುವ ಆಯೇರಿಯೂ ಉಂಟು.

ಮೂರನೆಯದು ಗೀಗೀ ಮೇಳ. ದಪ್ಪು, ತುಂತುಣಿ, ತಾಳ ಹಿಡಿದ ಮೂರು ನಾಲ್ಕು ಜನ. ಇದಕ್ಕಿಂತ ಕಿರಿದಾದ ಮೇಳ ಬೇರೊಂದಿಲ್ಲ. ಹರದೇಶಿ ಮೇಳ ಶಿವನ ಪಕ್ಷವನ್ನೂ ನಾಗೇಶಿ ಮೇಳ ಶಕ್ತಿಯ ಪಕ್ಷವನ್ನೂ ಹಿಡಿದು ಸವಾಲು-ಜವಾಬುಗಳಲ್ಲಿ ರಾತ್ರಿ ಕಳೆಯುತ್ತವೆ. ಕರೆಸುವವರು ಎರಡು ಮೇಳಗಳಿಗೂ ಹಣ ಕೊಡಬೇಕು. ಆದರೆ ಗೆದ್ದ ಮೇಳದ ಹೆಸರು ಮಾತ್ರ ಮುಂದಿನ ಜಾತ್ರೆಗೆ ಹಬ್ಬುತ್ತದೆ.

ನಾಲ್ಕನೆಯದು ನಾಟಕ ಕಂಪನಿ. ತಿಕೀಟು ಹಚ್ಚಿ, ತಗಡಿನ ಥಿಯೇಟರು ಕಟ್ಟಿ, ಪರದೆ ದೀಪಗಳ ವೈಭವದಿಂದ ಒಂದೊಂದು ಊರಲ್ಲಿ ತಿಂಗಳುಗಟ್ಟಲೆ ನಿಲ್ಲುವ ಸಂಸ್ಥೆ. ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನಾಡಿ ಈ ಬಗೆಗೆ ಹೊಸ ರೂಪ ಕೊಟ್ಟರು. ಮರಾಠಿ ಕಂಪನಿಗಳ ಪ್ರಾಬಲ್ಯವನ್ನು ಕಂಡು ಗದಗಿನ ಶಾಂತಕವಿಗಳು ಕನ್ನಡ ನಾಟಕಗಳನ್ನು ಬರೆದು ಆಡಿಸಿದ್ದು, ಬಳಿಕ ಶಿರಹಟ್ಟಿಯ ವೆಂಕೋಬರಾಯರು, ವಾಮನರಾವ ಮಾಸ್ತರರು, ಗರುಡ ಸದಾಶಿವರಾಯರು ಮೊದಲಾದವರ ಕಂಪನಿಗಳೂ, ಗೋಕಾಕ ಸೀಮೆಯ ಕೊಣ್ಣೂರು ಕಂಪನಿಯೂ ಮೆರೆದದ್ದು ನಮ್ಮ ರಂಗಭೂಮಿಯ ಇತಿಹಾಸದಲ್ಲಿ ಸುಪ್ರಸಿದ್ಧ.

4. ಗಳಿಕೆ

ಈ ತಂಡಗಳು ಗಳಿಸಿದ್ದೇನು? ಹಣವನ್ನು ಬದಿಗಿಟ್ಟು ಮೊದಲು ಹಣಕ್ಕೆ ಮೀರಿದ ಗಳಿಕೆಯನ್ನು ನೋಡೋಣ.

ಮೊದಲನೆಯದು ಮಾತಿನ ಸ್ವಾತಂತ್ರ್ಯ. ಅರಸನ ಅನ್ನ ಉಂಡವನು ಅರಸನ ಮುಂದೆ ಹಾಡಲಾಗದ ಸಂಗತಿಗಳನ್ನು ಜಾತ್ರೆಯ ಮೇಳ ಹಾಡಬಲ್ಲದಾಗಿತ್ತು. 1831ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಕಥೆ, 1857ರ ಹಲಗಲಿ ಬೇಡರ ದಂಗೆಯ ಕಥೆ, ವರಮಾನ ತೆರಿಗೆಯ ಹೇರಿಕೆಯ ಬಗೆಗಿನ ಜನರ ಅಸಮಾಧಾನ ಇವೆಲ್ಲ ಲಾವಣಿಗಳಾಗಿ ಉಳಿದುವು. 1880ರ ದಶಕದಲ್ಲಿ ಜೆ. ಎಫ್. ಫ್ಲೀಟರು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದಾಗ ಇವೇ ಅವರ ಕೈಗೆ ಸಿಕ್ಕವು; ಸಂಗ್ಯಾನ ಕಥೆಯೂ ಅವುಗಳಲ್ಲೊಂದು. ಸರಕಾರದ ಅಧಿಕಾರಿಯೊಬ್ಬನು ಸಂಗ್ರಹಿಸಿದ ಹಾಡು ಆ ಸರಕಾರವನ್ನೇ ಎದುರಿಸಿದವನ ಹೊಗಳಿಕೆಯಾಗಿತ್ತೆಂಬುದು ಸ್ವಾರಸ್ಯಕರ. ಆ ಹಾಡನ್ನು ಅಷ್ಟು ಕಾಲ ಉಳಿಸಿದ್ದು ಯಾವ ಗ್ರಂಥಭಾಂಡಾರವೂ ಅಲ್ಲ. ಕೇಳಿ ಕಾಸು ಕೊಟ್ಟ ಜನ. ಮುಂದೆ ಸ್ವಾತಂತ್ರ್ಯದ ಚಳವಳಿಯ ಕಾಲದಲ್ಲಿ ಗೀಗೀ ಮೇಳಗಳು ಊರೂರಿಗೆ ಸುದ್ದಿ ಮುಟ್ಟಿಸಿದ್ದು ಇದೇ ಪರಂಪರೆಯ ಮುಂದುವರಿಕೆ.

ಈ ಸ್ವಾತಂತ್ರ್ಯಕ್ಕೆ ರಾಜಕೀಯ ಭೂಗೋಲವೂ ಅನುಕೂಲವಾಗಿತ್ತೆಂದು ತೋರುತ್ತದೆ. 1949ರ ವಿಲೀನದವರೆಗೆ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಥಣಿ, ಚಿಕ್ಕೋಡಿ, ಗೋಕಾಕ ಬ್ರಿಟಿಷ್ ಬೆಳಗಾವಿ ಜಿಲ್ಲೆಗೆ. ನೆರೆಯಲ್ಲಿ ಸಾಂಗಲಿ, ಮಿರಜ, ಜಮಖಂಡಿಗಳ ಪಟವರ್ಧನ ಸಂಸ್ಥಾನಗಳು. ಒಂದು ದಿನದ ಬಂಡಿಯ ಹಾದಿಯಲ್ಲಿ ಮೇಳವು ಎರಡು ಮೂರು ಆಡಳಿತಗಳನ್ನು ದಾಟುತ್ತಿತ್ತು. ಯಾವ ಒಬ್ಬ ದೊರೆಯೂ ಅದರ ಬಾಯಿ ಕಟ್ಟಲು ಶಕ್ತನಾಗಿರಲಿಲ್ಲ.

ಎರಡನೆಯದು ವಿದ್ಯೆ. ಕಂಪನಿಯ ರಂಗವು ಹಳ್ಳಿಯ ಬಡ ಹುಡುಗರಿಗೆ ಸಂಗೀತಶಾಲೆಯೂ ಆಗಿತ್ತು. ಬಾಲ್ಯದಲ್ಲಿ ವಾಮನರಾವ ಮಾಸ್ತರರ ಕಂಪನಿಯಲ್ಲಿ ಹಾಡುತ್ತಿದ್ದ ಮಲ್ಲಿಕಾರ್ಜುನ ಮನಸೂರರು ಮಿರಜಿನ ನೀಲಕಂಠಬುವಾ ಆಲೂರಮಠರ ಶಿಷ್ಯರಾಗಿ ಮುಂದೆ ದೇಶದ ಮಹಾಗಾಯಕರಲ್ಲೊಬ್ಬರಾದರು. ತಿಕೀಟಿನ ಹಣದಿಂದ ನಡೆದ ರಂಗವು ಅಭಿಜಾತ ಸಂಗೀತಕ್ಕೆ ಇಂಥ ಕೊಡುಗೆ ಕೊಟ್ಟಿತೆಂಬುದನ್ನು ಮರೆಯಲಾಗದು.

ಮೂರನೆಯದು ಸ್ಥಾನ. ಜಾತಿಯಿಂದಲೂ ಬಡತನದಿಂದಲೂ ಊರ ಅಂಚಿನಲ್ಲಿದ್ದವರು ರಂಗದ ಮೇಲೆ ನಿಂತಾಗ ಊರ ಗೌಡನೂ ಕೆಳಗೆ ಕುಳಿತು ತಲೆಯೆತ್ತಿ ನೋಡಬೇಕಾಗಿತ್ತು. ಸ್ತ್ರೀಯರ ವಿಷಯದಲ್ಲಿ ಇದು ಇನ್ನೂ ಮಹತ್ತ್ವದ್ದು. ಗಂಡಸರೇ ಸತ್ಯಭಾಮೆಯಾಗಿ ಕುಣಿಯುತ್ತಿದ್ದ ಪಾರಿಜಾತದಲ್ಲಿ ಸ್ವತಃ ಮೇಳ ಕಟ್ಟಿ ಹೆಸರಾದ ಕೌಜಲಗಿ ನಿಂಗಮ್ಮನವರ ಜೀವನ ಇದಕ್ಕೆ ಸಾಕ್ಷಿ. ಹೆಣ್ಣೊಬ್ಬಳು ವೀಳ್ಯ ಹಿಡಿಯುವುದು, ಹಣ ಗೊತ್ತುಪಡಿಸುವುದು, ಗಂಡಸರಿಗೆ ಪಾಲು ಹಂಚುವುದು ಆ ಕಾಲದ ಹಳ್ಳಿಯಲ್ಲಿ ಬೇರೆ ಯಾವ ಕಸುಬಿನಲ್ಲಿ ಸಾಧ್ಯವಿತ್ತು?

5. ತೆತ್ತ ಬೆಲೆ

ಇನ್ನು ಬೆಲೆಯ ಮಾತು. ಇದನ್ನು ದೇಹ, ಕಾಲ, ಮಾನ, ಸಾಲ ಎಂಬ ನಾಲ್ಕು ತಲೆಬರಹಗಳಲ್ಲಿ ವಿಚಾರಿಸಬಹುದು.

ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಸಾವಿರಾರು ಜನರಿಗೆ ಕೇಳಿಸುವಂತೆ ಏರುದನಿಯಲ್ಲಿ ರಾತ್ರಿಯೆಲ್ಲ ಹಾಡುವುದು, ಮರುದಿನ ಬಂಡಿಯಲ್ಲಿ ಕುಲುಕುತ್ತ ನಿದ್ದೆ ಮಾಡಿ ಮತ್ತೆ ರಾತ್ರಿ ಹಾಡುವುದು, ಹೀಗೆ ಇಡೀ ಜಾತ್ರೆಯ ಕಾಲವನ್ನು ಕಳೆಯಬೇಕಾಗಿತ್ತು. ಮುಖಕ್ಕೆ ಬಳಿಯುವ ಅರದಾಳವು ಪಾಷಾಣದ ಅಂಶವುಳ್ಳ ಖನಿಜ; ಅದನ್ನು ಬಳಿದುಕೊಂಡೇ ಬೆಳಗು ಮಾಡಬೇಕು. ಕಂಪನಿಯ ನಾಟಕದಲ್ಲಿ ಪ್ರೇಕ್ಷಕರು ಮೆಚ್ಚಿ 'ಒನ್ಸ್‌ಮೋರ್' ಎಂದು ಕೂಗಿದಷ್ಟು ಸಲವೂ ನಟನು ಅದೇ ಪದವನ್ನು ಮತ್ತೆ ಹಾಡುತ್ತಿದ್ದನು. ಆ ಕೂಗು ಅವನ ಕೀರ್ತಿಯೂ ಹೌದು, ಅವನ ಗಂಟಲಿನ ಸವೆತವೂ ಹೌದು.

ಕಾಲದ ಮಾತು ಇನ್ನೊಂದು. ಮೇಳದ ವರ್ಷವೆಂದರೆ ಹನ್ನೆರಡು ತಿಂಗಳಲ್ಲ. ಸುಗ್ಗಿಯಿಂದ ಮಳೆಗಾಲದ ತನಕ, ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಜಾತ್ರೆ, ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆ, ಮುಗಳಖೋಡದ ಯಲ್ಲಾಲಿಂಗ ಮಠದಂಥ ಮಠಗಳ ಉತ್ಸವಗಳು, ಹಳ್ಳಿಹಳ್ಳಿಯ ದೇವರ ಕಾರ್ಯಗಳು. ಮಳೆ ಹಿಡಿಯಿತೆಂದರೆ ಗಳಿಕೆ ನಿಂತಿತು. ಇದು ಒಳ್ಳೆಯ ವರ್ಷದ ಲೆಕ್ಕ. 1876-78ರ ಬರಗಾಲದಲ್ಲಿ, 1896ರಲ್ಲಿ ಮುಂಬಯಿಗೆ ಕಾಲಿಟ್ಟು ಬಳಿಕ ನಮ್ಮ ಜಿಲ್ಲೆಗಳನ್ನೂ ಹೊಕ್ಕ ಪ್ಲೇಗಿನಲ್ಲಿ, 1918ರ ಶೀತಜ್ವರದಲ್ಲಿ ಜನ ಗುಂಪುಗೂಡುವುದೇ ಭಯದ ಸಂಗತಿಯಾಯಿತು. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಜಾತ್ರೆಗಳು ನಿಂತಾಗ ಇದೇ ಸಂಕಟ ಮತ್ತೆ ಬಂದಿತು. ಅರಮನೆಯ ಗಾಯಕನಿಗೆ ಬರಗಾಲದಲ್ಲಿಯೂ ತುತ್ತು ಅನ್ನ ಸಿಕ್ಕೀತು. ಮೇಳದವನಿಗೆ ಎಲ್ಲರಿಗಿಂತ ಮೊದಲು ಹಸಿವು ತಟ್ಟುತ್ತದೆ, ಏಕೆಂದರೆ ಹಸಿದ ಊರು ಮೊದಲು ನಿಲ್ಲಿಸುವ ಖರ್ಚು ಆಟದ್ದು.

ಮಾನದ ಬೆಲೆ ಎಲ್ಲಕ್ಕಿಂತ ಕಠಿನ. ರಾತ್ರಿ ಕೈ ಮುಗಿದ ಜನರೇ ಹಗಲು ಕಲಾವಿದನ ಮನೆಗೆ ಹೆಣ್ಣು ಕೊಡಲು ಹಿಂಜರಿದರು. ಸಾಂಗಲಿ ಸೀಮೆಯ ಕುಲಕರ್ಣಿ ಮನೆತನದಲ್ಲಿ ಹುಟ್ಟಿದ ಪಠ್ಠೇ ಬಾಪುರಾವ (1866-1945) ತಮಾಷಾ ಮೇಳವನ್ನು ಸೇರಿ, ದಲಿತ ಕಲಾವಿದೆ ಪವಳಾ ಅವರೊಡನೆ ರಂಗಕ್ಕೇರಿ, ಮರಾಠಿ ಲಾವಣಿಯ ಅಪ್ರತಿಮ ಕವಿಯೆನಿಸಿದರೂ ತಮ್ಮ ಜಾತಿಯವರಿಂದ ದೂರವಾದರು. ಕೊನೆಗಾಲವನ್ನು ಬಡತನದಲ್ಲಿ ಕಳೆದರು. ನಾಗೇಶಿ ಮೇಳಗಳಲ್ಲಿಯೂ ಸಣ್ಣಾಟಗಳಲ್ಲಿಯೂ ಹಾಡಿದ ಸ್ತ್ರೀಯರಲ್ಲಿ ದೇವದಾಸಿ ಮನೆತನದವರು ಅನೇಕರಿದ್ದರು. 1934ರ ಮುಂಬಯಿ ಪ್ರಾಂತದ ಕಾನೂನೂ 1982ರ ಕರ್ನಾಟಕದ ಕಾನೂನೂ ದೇವರಿಗೆ ಬಿಡುವ ಪದ್ಧತಿಯನ್ನು ನಿಷೇಧಿಸಿದ್ದು ಅತ್ಯವಶ್ಯವಾಗಿತ್ತು. ಆದರೆ ಆ ಮನೆತನಗಳ ಹೆಣ್ಣುಮಕ್ಕಳ ಹಾಡಿಗೆ ಅಂಟಿದ್ದ ಕಳಂಕವನ್ನು ತೊಳೆಯುವುದು ಕಾನೂನಿನಿಂದ ಆಗುವ ಕೆಲಸವಲ್ಲ. ಹಾಡು ಒಳ್ಳೆಯದೆಂದೂ ಹಾಡಿದವಳು ಒಳ್ಳೆಯವಳಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳುವ ಸಮಾಜದ ಮುಂದೆ ಅವರು ಬಾಳಬೇಕಾಯಿತು.

ಕೊನೆಯದು ಸಾಲ. ಇದು ಮುಖ್ಯವಾಗಿ ಕಂಪನಿಗಳ ಪಾಡು. ಕಿರ್ಲೋಸ್ಕರ ಮಂಡಳಿಯಿಂದ ಹೊರಬಂದ ಬಾಲಗಂಧರ್ವರು 1913ರಲ್ಲಿ ಗೋವಿಂದರಾವ ಟೆಂಬೆ ಹಾಗೂ ಗಣಪತರಾವ ಬೋಡಸರೊಡನೆ ಭಾಗೀದಾರರಾಗಿ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಅದರಷ್ಟು ಪ್ರೇಕ್ಷಕರನ್ನು ಸೆಳೆದ ಮಂಡಳಿ ವಿರಳ. ಅದರಷ್ಟು ಉಡುಪು, ಆಭರಣ, ಅತ್ತರುಗಳಿಗೆ ವೆಚ್ಚ ಮಾಡಿದ ಮಂಡಳಿಯೂ ವಿರಳ. ಭಾಗೀದಾರರು ಒಬ್ಬೊಬ್ಬರಾಗಿ ಅಗಲಿದರು. ಸಾಲದ ಹೊರೆ ಬಾಲಗಂಧರ್ವರ ತಲೆಯ ಮೇಲೆ ಉಳಿಯಿತು. ವರ್ಷಗಟ್ಟಲೆ ಆಡಿ ಅದನ್ನು ತೀರಿಸಿದರು. 1931ರಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನಾ' ಬಂದು ಮಾತನಾಡುವ ಚಿತ್ರಗಳ ಯುಗ ಪ್ರಾರಂಭವಾದಾಗ, 1935ರ 'ಧರ್ಮಾತ್ಮಾ' ಚಿತ್ರದಲ್ಲಿ ಅವರೂ ನಟಿಸಬೇಕಾಯಿತು. ಇದರ ಮೇಲೆ ಸರಕಾರದ ಹಿಡಿತ ಬೇರೆ. 1876ರ ನಾಟಕ ಪ್ರಯೋಗ ಕಾಯಿದೆಯಿಂದ ಪ್ರಯೋಗವನ್ನು ತಡೆಯುವ ಅಧಿಕಾರವನ್ನೂ, ಮುಂಬಯಿ ಪ್ರಾಂತದ 1923ರ ಕಾಯಿದೆಯಿಂದ ಮನರಂಜನೆಯ ಮೇಲೆ ಕರ ಎತ್ತುವ ಅಧಿಕಾರವನ್ನೂ ಅದು ಪಡೆದಿತ್ತು. ತಿಕೀಟು ಹಚ್ಚದ ಮೇಳವನ್ನು ಕರ ಮುಟ್ಟಲಿಲ್ಲ. ತಿಕೀಟು ಹಚ್ಚಿದ ಕಂಪನಿ ಅದರಿಂದ ಪಾರಾಗಲಿಲ್ಲ.

6. ಕಿರಿದು ಉಳಿಯಿತು, ಹಿರಿದು ಉರುಳಿತು

ಮೇಲಿನ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕ್ರಮ ಕಾಣುತ್ತದೆ. ಬಂಡವಾಳ ಹೆಚ್ಚಿದಷ್ಟು ಕೀರ್ತಿ ಹೆಚ್ಚಿತು. ಆದರೆ ಬಾಳುವ ಶಕ್ತಿ ಕುಗ್ಗಿತು. ಕಂಪನಿಗಳಲ್ಲಿ ಬಹುಪಾಲು ಚಿತ್ರಮಂದಿರದ ಮುಂದೆ ನಿಲ್ಲಲಾರದೆ ಅಳಿದವು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯಸಂಘವನ್ನು ದಶಕಗಳ ಕಾಲ ಎಳೆದು ನಡೆಸಿದರು. 'ಜಗಜ್ಯೋತಿ ಬಸವೇಶ್ವರ'ದ ಅವರ ಬಸವಣ್ಣನನ್ನು ಕಂಡ ಜನ ಕೈ ಮುಗಿದರು. ಆದರೂ ಅಂಥ ಕಂಪನಿಯೂ ಕೊನೆಗೆ ನಿಂತಿತು. ಅದೇ ಕಾಲದಲ್ಲಿ ಮೂರು ಜನರ ಗೀಗೀ ಮೇಳ ಮಾತ್ರ ಚಿತ್ರಮಂದಿರವನ್ನೂ ಕ್ಯಾಸೆಟ್ಟನ್ನೂ ದಾಟಿ ಬಂದಿದೆ. ಕಾರಣ ಸ್ಪಷ್ಟವಾಗಿದೆ: ದಪ್ಪು, ತುಂತುಣಿಗಳಿಗೆ ಬಡ್ಡಿ ಕಟ್ಟಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗೀಗೀ ಮೇಳದವನು ಉಳಿದದ್ದು ಕಲೆಯಿಂದಲ್ಲ, ಹೊಲದಿಂದ. ಮಳೆಗಾಲದಲ್ಲಿ ಅವನು ರೈತ ಅಥವಾ ಕೂಲಿ, ಸುಗ್ಗಿಯ ಬಳಿಕ ಕಲಾವಿದ. ಅಂಥವನನ್ನು ಸ್ವತಂತ್ರನೆಂದು ಹೇಗೆ ಕರೆಯುವುದು? ಈ ಆಕ್ಷೇಪದಲ್ಲಿ ಹುರುಳಿದೆ. ನಿಜವಾಗಿ, ಆ ಮೇಳಕ್ಕೆ ಅರಸನ ಆಶ್ರಯವಿರಲಿಲ್ಲವೇ ಹೊರತು ನೆಲದ ಆಶ್ರಯವಿತ್ತು. ಹೊಲವೇ ಅದರ ಸಂಸ್ಥಾನಿಕ. ಕಂಪನಿಯ ನಟನಾದರೋ ಊರು ಬಿಟ್ಟವನು. ಅವನಿಗೆ ಹಿಂದಿರುಗಲು ಹೊಲವಿರಲಿಲ್ಲ, ಇದ್ದರೂ ರೂಢಿ ತಪ್ಪಿತ್ತು. ಹೊಲವೂ ಇಲ್ಲದೆ, ಮನೆತನದ ಮಾನದ ರಕ್ಷಣೆಯೂ ಇಲ್ಲದೆ ಬರಿಯ ಕಂಠವನ್ನೇ ನಂಬಿ ಬಾಳಿದವರು ಮೇಳಗಳ ಸ್ತ್ರೀಯರು. ಪೂರ್ಣಾರ್ಥದಲ್ಲಿ ಸ್ವತಂತ್ರ ಕಲಾವಿದರು ಯಾರಾದರೂ ಇದ್ದರೆ ಅವರೇ. ಆದ್ದರಿಂದಲೇ ಅತ್ಯಧಿಕ ಬೆಲೆ ತೆತ್ತವರೂ ಅವರೇ. ಸ್ವಾತಂತ್ರ್ಯದ ಪ್ರಮಾಣವೂ ಅಪಾಯದ ಪ್ರಮಾಣವೂ ಒಂದೇ ತಕ್ಕಡಿಯಲ್ಲಿ ಏರಿಳಿದಿವೆ ಎಂಬುದೇ ಈ ವಿಚಾರದ ಸಾರ.

ನೆಲದ ಆಶ್ರಯವೂ ಸ್ಥಿರವಾಗಿ ಉಳಿಯಲಿಲ್ಲ. ಘಟಪ್ರಭೆಯ ನೀರು ಕಾಲುವೆಯಾಗಿ ರಾಯಬಾಗದ ಕಡೆ ಹರಿದ ಮೇಲೆ, ಅದರಲ್ಲಿಯೂ ಹಿಡಕಲ್ ಅಣೆಕಟ್ಟಿನ ಬಳಿಕ, ಜೋಳದ ಸೀಮೆ ಕಬ್ಬಿನ ಸೀಮೆಯಾಯಿತು. ಜೋಳದ ಬೇಸಾಯದಲ್ಲಿ ಸುಗ್ಗಿ ಮುಗಿದರೆ ಬಿಡುವು. ಕಬ್ಬಿನ ಕಟಾವು ನಡೆಯುವುದಾದರೋ ಚಳಿಗಾಲದುದ್ದಕ್ಕೂ. ಕಾರ್ಖಾನೆಗಳು ಕಬ್ಬು ಅರೆಯುವ ತಿಂಗಳುಗಳೂ ಜಾತ್ರೆಯ ತಿಂಗಳುಗಳೂ ಒಂದರ ಮೇಲೊಂದು ಬೀಳುತ್ತವೆ. ರೈತನ ಕೈಗೆ ಹಣ ಬಂದಿತು, ಬಿಡುವು ಹೋಯಿತು. ಮೇಳ ಕರೆಸಲು ಶಕ್ತಿ ಹೆಚ್ಚಿತು, ಮೇಳ ಕಟ್ಟಿ ತಾಲೀಮು ಮಾಡಲು ಪುರುಸೊತ್ತು ಕಡಿಮೆಯಾಯಿತು. ಹೀಗೆ ಕಲಾವಿದ ಮತ್ತು ಪ್ರೇಕ್ಷಕ ಬೇರೆ ಬೇರೆಯಾಗತೊಡಗಿದುದು ನಮ್ಮ ಕಾಲದ ದೊಡ್ಡ ಬದಲಾವಣೆಯೆಂದು ಊಹಿಸಬಹುದು.

7. ಉಪಸಂಹಾರ

ಈಗ ಹೊಸ ಆಶ್ರಯದಾತನು ಬಂದಿದ್ದಾನೆ, ಅವನೇ ಸರಕಾರ. ಅಕಾಡೆಮಿಗಳ ಪ್ರಶಸ್ತಿ, ವೃದ್ಧ ಕಲಾವಿದರಿಗೆ ಮಾಸಾಶನ, ಉತ್ಸವಗಳಲ್ಲಿ ಆಹ್ವಾನ, ಬಾಗಲಕೋಟೆಯಲ್ಲಿ ಬಯಲಾಟಕ್ಕಾಗಿಯೇ ಒಂದು ಅಕಾಡೆಮಿ ಇವೆಲ್ಲ ಸ್ವಾಗತಾರ್ಹ. ಮಾಸಾಶನವು ಮುಪ್ಪಿನ ಹಸಿವಿಗೆ ಉತ್ತರ. ಅದನ್ನು ಉಪಕಾರವೆಂದು ಅಲ್ಲ, ಹಳೆಯ ಬಾಕಿಯೆಂದು ತಿಳಿಯಬೇಕು. ಆದರೆ ಉತ್ಸವದ ಅರ್ಧ ಗಂಟೆಯ ಅವಕಾಶಕ್ಕಾಗಿ ರಾತ್ರಿಯ ಆಟವನ್ನು ಕತ್ತರಿಸುವಾಗ, ಆಹ್ವಾನದ ಪಟ್ಟಿಯಲ್ಲಿ ಹೆಸರಿರಲೆಂದು ಪದಗಳನ್ನು ಮೆತ್ತಗೆ ಮಾಡುವಾಗ, ಮೇಳವು ಮತ್ತೆ ಅರಮನೆಯ ಅಂಗಳಕ್ಕೆ ಬಂದಂತಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಸಾಂಗಲಿಯ ಉದಾಹರಣೆಯಿಂದ ನಾವು ಕಂಡಂತೆ, ಒಬ್ಬನೇ ಆಶ್ರಯದಾತನನ್ನು ನೆಚ್ಚಿದ ತಂಡ ಆತ ಇರುವವರೆಗೆ ಸುಖಿ. ಊರುಗಳ ವೀಳ್ಯವೂ ಸರಕಾರದ ಮಾಸಾಶನವೂ ಜೊತೆಯಾಗಿ ಇರುವಲ್ಲಿ ಮಾತ್ರ ಕಲಾವಿದನ ಹೊಟ್ಟೆಯೂ ಬಾಯಿಯೂ ಸ್ವತಂತ್ರವಾಗಿ ಉಳಿದಾವು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ವಿಪುಲ ಕೆಲಸವಿದೆ. ಡಾ. ಚಂದ್ರಶೇಖರ ಕಂಬಾರರಂಥ ವಿದ್ವಾಂಸರು ಈ ಸೀಮೆಯ ಆಟಗಳ ಪಠ್ಯವನ್ನೂ ರಂಗರೂಪವನ್ನೂ ಶೋಧಿಸಿ ದಾರಿ ತೋರಿಸಿದ್ದಾರೆ. ಇನ್ನು ಬೇಕಾದುದು ಮೇಳಗಳ ಲೆಕ್ಕದ ಪುಸ್ತಕಗಳು, ಕಂಪನಿಗಳ ಕರಾರು ಪತ್ರಗಳು, ಜಾತ್ರಾ ಕಮಿಟಿಗಳ ಖರ್ಚಿನ ಚೀಟಿಗಳು, ವೃದ್ಧ ಕಲಾವಿದೆಯರ ಬಾಯಿಮಾತಿನ ನೆನಪುಗಳು. ಇವು ದಫ್ತರಖಾನೆಗಳಲ್ಲಿಲ್ಲ, ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿವೆ, ಎಪ್ಪತ್ತು ಎಂಬತ್ತರ ವಯಸ್ಸಿನವರ ನಾಲಗೆಯ ಮೇಲಿವೆ. ಕಾಗದವನ್ನು ಗೆದ್ದಲು ತಿನ್ನುವ ಮುನ್ನ, ನೆನಪು ಮಸುಳುವ ಮುನ್ನ, ಪ್ರತಿಯೊಂದು ಕಾಲೇಜಿನ ಇತಿಹಾಸ ವಿಭಾಗವು ತನ್ನ ತಾಲೂಕಿನ ಮೇಳಗಳಷ್ಟನ್ನಾದರೂ ಕ್ರಮವಾಗಿ ದಾಖಲಿಸಿಕೊಂಡರೆ, ಹಾಡಿನ ಜೊತೆಗೆ ಹಾಡಿದವರೂ ಇತಿಹಾಸದಲ್ಲಿ ಉಳಿಯುವರು.